ಮಳೆಗೇಟಿನ ದೋಕೊ

ಕಾಫಿ, ಮರಗೆಣಸು ಹೇರಿದ ಲಾರಿ ಓಡಿಸುವ ನಾನು ದೋಕೊನನ್ನು ಬೈದಷ್ಟು ಇನ್ಯಾರನ್ನೂ ಬೈದಿಲ್ಲ. ಮಾಂಬೆರೆ ನದಿಯ ಕಡೆಗೆ ಇಳಿಯುವ ಕೆಮ್ಮಣ್ಣಿನ ರಸ್ತೆಗೆ ಅಡ್ಡಲಾಗಿ ಒಂದು ಬಿದಿರಿನ ಗಳ, ಒದ್ದೆ ರಸ್ತೆಯಲ್ಲಿ ಗಾಡಿ ಹೋಗದಂತೆ ತಡೆಯುವ ಮಳೆಗೇಟು. ಮೂವತ್ತೊಂದು ವರ್ಷ ಅವನು ಅದರ ಕಾವಲುಗಾರ. ಮಳೆ ಬಂದರೆ ಗಳ ಇಳಿಸುತ್ತಿದ್ದ, ರಸ್ತೆ ಒಣಗಿದ ಮೇಲೆಯೇ ಎತ್ತುತ್ತಿದ್ದ. ಒಣಗಿತೋ ಇಲ್ಲವೋ ಎಂದು ಬರಿಗಾಲಿನಲ್ಲಿ ಇಳಿಜಾರಿಗೆ ಹೋಗಿ, ಹಿಮ್ಮಡಿ ಊರಿ ನೋಡುತ್ತಿದ್ದ. ದೊಡ್ಡ ಸಾಹೇಬರ ಜೀಪಿಗೂ ಅದೇ ಹಿಮ್ಮಡಿ.

“ಮರಗೆಣಸು ಕೊಳೀತಿದೆ ಕಣೋ ಮುದಿಯಾ, ಎತ್ತೋ!” ಎಂದು ನಾನು ಕೂಗಿದರೆ, “ನಿಂದು ಒಂದು ಲಾರಿ ಗೆಣಸು. ರಸ್ತೆ ಕಿತ್ತೋದ್ರೆ ಆಚೆ ಹದಿನಾಲ್ಕು ಊರು ಉಪ್ಪಿಲ್ದೆ ಉಣ್ಬೇಕು. ಕೂತ್ಕೋ ಸುಮ್ನೆ,” ಎನ್ನುತ್ತಿದ್ದ.

ಹೋದ ಸೆಪ್ಟೆಂಬರಿನಲ್ಲಿ ಅವನು ಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ಶವಪೆಟ್ಟಿಗೆಯನ್ನು ನನ್ನ ಲಾರಿಯಲ್ಲೇ ಗೇಟಿನಾಚೆಯ ಅವನ ಊರಿಗೆ ತರುತ್ತಿದ್ದೆವು. ಗೇಟು ಇನ್ನೇನು ಬಂತು ಅನ್ನುವಾಗ ಮಳೆ ಸುರಿದು ನಿಂತಿತು. ಅಪ್ಪ ಹಾಸಿಗೆ ಹಿಡಿದಂದಿನಿಂದ ಗೇಟು ಕಾಯುತ್ತಿದ್ದವಳು ಮಗಳು ಫಿಲೊಮೆನ್. ಗಳ ಆಗಲೇ ಇಳಿದಿತ್ತು.

“ಇವತ್ತೊಂದಿನ ಎತ್ತಮ್ಮ. ಲಾರೀಲಿರೋದು ನಿಮ್ಮಪ್ಪ,” ಎಂದೆ.

ಅವಳು ಚಪ್ಪಲಿ ಕಳಚಿಟ್ಟು ಇಳಿಜಾರಿಗೆ ನಡೆದಳು, ಹಿಮ್ಮಡಿ ಊರಿದಳು. ಕಾಲು ಗಿಣ್ಣಿನವರೆಗೂ ಹೂತುಹೋಯಿತು. ಹಿಂದಿರುಗಿ ಬಂದು, ಕೆಸರುಗಾಲಿನಲ್ಲೇ ಲಾರಿ ಹತ್ತಿ, ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಅಪ್ಪಾ, ಇನ್ನೂ ಒಣಗಿಲ್ಲ. ಸ್ವಲ್ಪ ಕಾಯಿ.”

ಪೆಟ್ಟಿಗೆಯ ಸುತ್ತ ಕೂತು ಅಳುತ್ತಾ ಬಂದಿದ್ದ ನೆಂಟರ ಹೆಂಗಸರು ಒಬ್ಬೊಬ್ಬರಾಗಿ ಲಾರಿಯಿಂದ ಇಳಿದರು. ನಾನು ಇಂಜಿನ್ ಆರಿಸಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಗೇಟಿನ ಮುಂದೆ ನನ್ನ ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ.