ಕಂದು ಹಾಕಿದ ಎಮ್ಮಿ

ಕಮಲಾಪುರದ ಪುತಳಾಬಾಯಿಗೆ ತವರಿಂದ ಬಂದ ಎಮ್ಮಿ ಅಂದ್ರ ಜೀವ. ಮೊಮ್ಮಗಳು ಸೃಷ್ಟಿ ಅಂದ್ರ ಅದಕ್ಕಿಂತ ಹೆಚ್ಚು. ಮಗ ರೇವಣ ನಸುಕಿನ್ಯಾಗ ಡ್ಯೂಟಿಗೆ ಹೋದ ಮ್ಯಾಲ ಹಾಲು ಹಿಂಡಿ, ನೊರಿ ಆರೂ ಮೊದಲೇ ಹುಡುಗಿ ಕೈಗೆ ಕೊಡ್ತಿದ್ಲು. ಕಾಯಿಸಿದ್ರ ಹಾಲಿನ ಕಸುವು ಹೋಗ್ತದ ಅನ್ನೋದು ಮುದುಕಿ ಹಟ.

ಹಿಂದಿನ ಚಳಿಗಾಲದಾಗ ಆ ಎಮ್ಮಿ ದಿನ ತುಂಬೂ ಮೊದಲೇ ಕಂದು ಹಾಕ್ತು. ಗೊತ್ತಾದ್ರ ರೇವಣ ಮಾರಿಯೇ ಬಿಡ್ತಾನಂತ ಆಕಿ ಸತ್ತ ಕರು ತಿಪ್ಪಿ ಹಿಂದ ಹುಗಿದ್ಲು. ಡ್ಯೂಟಿ ಮ್ಯಾಲ ಪರಊರಿಗೆ ಹೋಗಿದ್ದ ಮಗ ವಾರ ಬಿಟ್ಟು ಬಂದಾಗ, "ಚಲೋ ಹುಟ್ಟಿತ್ತಪ, ಮೂರನೇ ದಿನಕ್ಕ ಸತ್ತೋತು" ಅಂದ್ಲು. ಇದರಾಗ ಯಾರಿಗೇನು ನಷ್ಟ ಅಂದ್ಕೊಂಡಿದ್ಲು, ಪುಣ್ಯಾತ್ಗಿತ್ತಿ.

ಆಮ್ಯಾಲ ಸೃಷ್ಟಿಗೆ ಜ್ವರ ಹತ್ತಿತು. ಸಂಜಿಗೆ ಬರ್ತಿತ್ತು, ಬೆವತು ಇಳೀತಿತ್ತು, ಮತ್ತ ಬರ್ತಿತ್ತು. ಎರಡು ತಿಂಗಳಾದ್ರೂ ಬಿಡದಾಗ ಕಲಬುರಗಿ ದವಾಖಾನಿಗೆ ಹಾಕಿದ್ರು. ಲಿವರ್ ಊದಿತ್ತು. ಸೂಜಿಲೆ ಚೂರು ತೆಗೆದು ನೋಡಿದ್ರ ಸಣ್ಣ ಸಣ್ಣ ಗಂಟು.

"ಇಂಥ ಗಂಟು ಬಹಳ ಸಲ ಟಿಬಿಯಿಂದ ಆಗ್ತಾವ," ಅಂದ್ರು ಡಾಕ್ಟರ್ ಮುಬಶ್ಶಿರಾ. "ನಾಳಿಂದ ಆ ಗುಳಿಗಿ ಶುರು ಮಾಡೋಣು. ಆದ್ರ ದನದಿಂದ ಬರೋ ರೋಗಾಣುನೂ ಹಿಂಗ ಮಾಡ್ತದ, ಅದಕ್ಕ ಔಷಧ ಬ್ಯಾರೆ. ಮನ್ಯಾಗ ಆಕಳ, ಎಮ್ಮಿ ಏನರ ಕಂದು ಹಾಕ್ಯಾವೇನ್ರಿ? ಹಸಿ ಹಾಲು ಕೊಟ್ಟೀರೇನು?"

ರೇವಣ ತಾಯಿ ಮಾರಿ ನೋಡಿದ.

"ಇಲ್ರಿ. ಕಾಯಿಸಿಯೇ ಕೊಡ್ತೀನ್ರಿ," ಅಂದ್ಲು ಪುತಳಾಬಾಯಿ.

ಮರುದಿನ ಮುಂಜಾನೆ ಸೃಷ್ಟಿ ಕಣ್ಣು ಬಿಟ್ಟು, "ಆಯಿ, ನೀ ಇಲ್ಲಿದ್ರ ಎಮ್ಮಿಗೆ ಮೇವು ಯಾರು ಹಾಕ್ತಾರ?" ಅಂತ ಕೇಳಿದ್ಲು. ಈ ಕೂಸಿಗೆ ನಾನೇ ನನ್ನ ಕೈಯಾರೆ ರೋಗ ಕುಡಿಸೀನಿ, ಈಗ ಔಷಧನೂ ತಪ್ಪಿಸಾಕತ್ತೀನಿ ಅಂತ ಮುದುಕಿಗೆ ಅನ್ನಿಸ್ತು. ನರ್ಸ್ ಗುಳಿಗಿ ತರೂ ಮೊದಲೇ ಎದ್ದು ಡಾಕ್ಟರ ಕೋಣಿಗೆ ಹೋದ್ಲು. ರೇವಣ ಅಲ್ಲೇ ಕುಂತಿದ್ದ. ಅವನ ಮುಂದೇ ಎಲ್ಲಾ ಹೇಳಿದ್ಲು, ತಿಪ್ಪಿ ಹಿಂದಿನ ಕುಣಿ ಸುದ್ದಾ.

ರಕ್ತದ ಪರೀಕ್ಷಾದಾಗ ದನದ ರೋಗಾಣುನೇ ಅಂತ ಬಂತು. ಔಷಧ ಬದಲಾತು, ವಾರದಾಗ ಜ್ವರ ಇಳೀತು. ರೇವಣ ಮಾತ್ರ ತಾಯಿ ಜೋಡಿ ಮಾತು ಬಿಟ್ಟ. ಊರಿಗೆ ಬಂದ ದಿನ ಬಾಯಿ ಬಿಟ್ಟ: "ಎಮ್ಮಿ ನಾಳಿನೇ ಸಂತಿಗೆ ಹೊಡೀತೀನಿ."

"ಮಾರಬ್ಯಾಡೋ ಯಪ್ಪಾ."

"ಇನ್ನೂ ನಿನಗ ಆ ಎಮ್ಮೀನೇ ಹೆಚ್ಚಾತೇನು?"

ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡ್ಲು. "ಕೊಂಡವರ ಮನ್ಯಾಗೂ ಒಬ್ಬಾಕಿ ಸೃಷ್ಟಿ ಇರ್ತಾಳಲ್ಲೋ," ಅಂದ್ಲು. "ದನದ ಡಾಕ್ಟರಗ ಕರಕೊಂಡು ಬಾ. ಏನಾಗೇದಂತ ನಾನೇ ಹೇಳ್ತೀನಿ."