ತಗಡಿನ ಮೇಲೆ ಸಂಡಿಗೆ

ಕಲಬುರಗಿಯ ನನ್ನ ಗೆಳತಿ ಶಬಾನಾ ಕಲಾವಿದೆ. ಕಮಲಾಪುರದ ಸಂತೆಯಲ್ಲಿ ಎರಡು ಪುಟ್ಟ ಚಪ್ಪರ ನಿಲ್ಲಿಸಿದ್ದಾಳೆ. ಒಂದಕ್ಕೆ ಜೋಳದ ಒಣ ದಂಟಿನ ಕಣಿಕೆ ಹೊದಿಸಿದ್ದಾಳೆ, ಇನ್ನೊಂದಕ್ಕೆ ತಗಡು. ಜನ ಎರಡರಲ್ಲೂ ಕೂತು ನೋಡಬೇಕು, ಮನೆಗೆ ಯಾವುದು ಲೇಸೆಂದು ಬಿಸಿಲೇ ಹೇಳಬೇಕು. ಅದೇ ಅವಳ ಕಲಾಕೃತಿ.

ನಾನು ಬಸ್ಸಿಳಿದು ಹೋದಾಗ ಕಣಿಕೆಯ ನೆರಳಲ್ಲಿ ಕೆಂಪು ಬಾಳೆಹಣ್ಣಿನವರು ಬುಟ್ಟಿ ಸಮೇತ ಕೂತಿದ್ದರು. ಕಾಲಿಡಲು ಜಾಗವಿರಲಿಲ್ಲ. ತಗಡಿನ ಕೆಳಗೆ ಒಬ್ಬರೂ ಇಲ್ಲ. ಆದರೆ ಅದರ ಮೇಲೆ ಹಳೇ ಸೀರೆ ಹಾಸಿ ಯಾರೋ ಸಂಡಿಗೆ ಹಾಕಿದ್ದರು.

“ಇವು ಯಾರವ್ರೀ?” ಎಂದಳು ಶಬಾನಾ.

“ನಮ್ಮವ,” ಎಂದು ಎದುರು ಮನೆಯ ಮಹಾದೇವಮ್ಮ ಹೊರಬಂದರು. “ಭಾಳ ಛಲೋ ಮಾಡೀರಿ ನೋಡ್ರಿ. ಅಲ್ಲಿ ಮಂದಿ ಕುಂತಾರ, ಇಲ್ಲಿ ಸಂಡಗಿ ಒಣಗಾಕತ್ತಾವ. ಎರಡೂ ಬೇಕ್ರೀ, ಒಂದೂ ಕೀಳಬ್ಯಾಡ್ರಿ.”

ಶಬಾನಾ ನನ್ನ ಕಡೆ ತಿರುಗಿದಳು. “ಇವರಿಗೆ ನಾ ಹೇಳಿದ್ದು ತಿಳೀತೋ, ಇಲ್ಲೋ?”



“ಒಂದೀಟು ತಿರುವಿ ಹಾಕ್ರಿ ಯವ್ವಾ, ಮುಂಜಾನಿ ಮೊಮ್ಮಗ ಹಾಕಿ ಹೋದ, ನನ್ನ ಕೈ ನಿಲುಕಂಗಿಲ್ಲ,” ಎಂದರು ಮಹಾದೇವಮ್ಮ.

ಶಬಾನಾ ಸ್ಟೂಲು ತಂದು ಹತ್ತಿದಳು. ಎರಡು ಸಂಡಿಗೆ ತಿರುವುವಷ್ಟರಲ್ಲಿ ತಗಡು ತಾಕಿ, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಇನ್ನೊಂದು ಕೈಯಿಂದ ಉಳಿದವನ್ನು ತಿರುವತೊಡಗಿದಳು.