ಹತ್ತು ಸಾಲು ಕಡಿಮೆ ಬಿದ್ದ ಪುಸ್ತಕ

ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಕೊನೆಯಲ್ಲಿ ಒಂದು ತೂಕದ ಕಟ್ಟೆಯಿದೆ. ನೆಲಮಟ್ಟಕ್ಕೆ ಹಾಸಿದ ಕಬ್ಬಿಣದ ತಗಡು, ಪಕ್ಕದಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ. ಆ ಕಿಟಕಿಯ ಒಳಗೆ ಇಪ್ಪತ್ತೆರಡು ವರ್ಷದಿಂದ ಕೂತಿರುವ ಮನುಷ್ಯನನ್ನು ಚಾಲಕರೆಲ್ಲ ತೂಕದಣ್ಣ ಎಂದು ಕರೆಯುತ್ತಾರೆ. ಲಾರಿ ತುಂಬಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಒಂದು ತೂಕ. ಎರಡಕ್ಕೂ ಚೀಟಿ ಹರಿದು ಕೊಡುವುದು ಅವನ ಕೆಲಸ. ಒಂದು ಲಾರಿಗೂ ಇನ್ನೊಂದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಅವನು ಕಾಮದ ಕಥೆ ಬರೆಯುತ್ತಿದ್ದ.

ಕೇಳಿದವರು ಹುಬ್ಬೇರಿಸಬಹುದು. ಅವನನ್ನು ಕಂಡರೆ ಏರಿಸಿದ ಹುಬ್ಬು ತಾನಾಗಿಯೇ ಇಳಿಯುತ್ತದೆ. ಐವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡ ಸಾದಾ ಸೀದಾ ಆಸಾಮಿ. ಹಾಳಾದ ತೂಕದ ಚೀಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚುತ್ತ ಇಪ್ಪತ್ತಾರು ಪುಸ್ತಕ ಮುಗಿಸಿದ್ದ. ಮುಖಪುಟದ ಮೇಲೆ ಯಾರೋ ಹೆಂಗಸಿನ ಹೆಸರು. ಆ ಹೆಸರನ್ನು ಪ್ರಕಾಶಕನೇ ಇಟ್ಟಿದ್ದ, ಹೆಂಗಸು ಬರೆದಳೆಂದರೆ ಎರಡು ಪ್ರತಿ ಹೆಚ್ಚು ಹೋಗುತ್ತದೆಂದು.

ಓದುಗರಿಗೆ ಈ ಹೆಂಗಸಿನ ಕಥೆಗಳಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗಿದ್ದು ಕಾಯಿಸುವ ಕಲೆ. ಇನ್ನೇನು ಆಯಿತು ಅನ್ನುವಷ್ಟರಲ್ಲಿ ಬಾಗಿಲು ಬಡಿಯುವುದು, ಹಾಲು ಉಕ್ಕುವುದು, ನಾಯಕಿಗೆ ಬಾಲ್ಯದ ಯಾವುದೋ ಸಂಗತಿ ನೆನಪಾಗುವುದು. ಪ್ರಕಾಶಕ ಇದನ್ನು ದೊಡ್ಡ ತಂತ್ರವೆಂದು ಹೊಗಳುತ್ತಿದ್ದ. ನಿಜ ಹೇಳಬೇಕೆಂದರೆ ಅದು ಜಲ್ಲಿ ಲಾರಿ. ಬರೆಯುತ್ತಿದ್ದ ಹಾಗೇ ಹಾರನ್ ಕೇಳುತ್ತಿತ್ತು, ತೂಕದಣ್ಣ ಎದ್ದು ಹೋಗುತ್ತಿದ್ದ, ತಿರುಗಿ ಬಂದಾಗ ಮೊದಲಿನ ಹದ ತಪ್ಪಿರುತ್ತಿತ್ತು. ಆಮೇಲೆ ಹಾಲು ಉಕ್ಕಿಸದೆ ಬೇರೆ ದಾರಿ ಇರುತ್ತಿರಲಿಲ್ಲ.

ಬರೆದದ್ದರ ಬಗ್ಗೆ ಅವನಿಗೆ ನಾಚಿಕೆಯಿತ್ತೇ? ಮೊದಲ ನಾಲ್ಕು ಪುಸ್ತಕಕ್ಕೆ ಇತ್ತು. ಆಗ ಪ್ರೆಸ್ಸಿಗೆ ಹೋಗುವಾಗ ಗಲ್ಲಿಯ ಎರಡೂ ತುದಿ ನೋಡಿಕೊಂಡು ಒಳಗೆ ನುಗ್ಗುತ್ತಿದ್ದ. ಐದನೆಯದಕ್ಕೆ ಅದು ಸವೆದು ಹೋಯಿತು, ಉಳಿದದ್ದು ಬೇಸರ. ಅವೇ ತುಟಿ, ಅದೇ ಬೆನ್ನು, ಅದೇ ಬಿಸಿಯುಸಿರು. ಮನುಷ್ಯರಿಗೆ ಇರುವ ಅಂಗಗಳೇ ಇಷ್ಟು, ಅವನಾದರೂ ಹೊಸತು ಎಲ್ಲಿಂದ ತಂದಾನು? ಹದಿನೇಳನೆಯ ಪುಸ್ತಕದ ನಾಯಕಿಯ ಮುಖವನ್ನು ಹದಿನೆಂಟನೆಯದನ್ನು ಬರೆಯುವಾಗ ನೆನಪಿಸಿಕೊಳ್ಳಲು ಹೋಗಿ ಸೋತಿದ್ದ. ಲಾರಿ ನಂಬರಾದರೂ ಒಂದಷ್ಟು ದಿನ ನೆನಪಿರುತ್ತಿತ್ತು.

ಅವನ ಅಕ್ಷರ ದೇವರಿಗೇ ಪ್ರೀತಿ. ಹಾಗಾಗಿ ಶುದ್ಧಪ್ರತಿ ತೆಗೆಯುವುದು ಹೆಂಡತಿಯ ಪಾಲಿಗೆ ಬಂದಿತ್ತು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಹಾಸಿಗೆ ಬಟ್ಟೆ, ದಿಂಬಿನ ಚೀಲ, ನೀರು, ಸೋಪಿನ ನೊರೆ. ರಬ್ಬರ್ ಬೂಟು ಕೊಟ್ಟಿದ್ದರು ನಿಜ, ಆದರೆ ಒಳಗೆ ಹೋದ ನೀರನ್ನು ಹೊರಗೆ ಬಿಡದೆ ಕಾಪಾಡುವುದೇ ಆ ಬೂಟಿನ ಕೆಲಸವಾಗಿತ್ತು. ಮನೆಗೆ ಬಂದಾಗ ಅವಳ ಪಾದಗಳು ಬೆಳ್ಳಗೆ ಸುಕ್ಕುಗಟ್ಟಿ, ಮುಟ್ಟಿದರೆ ಕೈ ಹಿಂದೆಗೆಯುವಷ್ಟು ತಣ್ಣಗಿರುತ್ತಿದ್ದವು.

ಮಗಳು ಮದುವೆಯಾಗಿ ಹೋದಮೇಲೆ ಅವಳ ಕೋಣೆಯ ಮೇಜು ಇವರ ಕಾರ್ಖಾನೆಯಾಯಿತು. ಸಂಜೆ ಐದಕ್ಕೆ ಹೆಂಡತಿ ಕನ್ನಡಕ ಏರಿಸಿ ಕೂತರೆ, ಮೈಮರೆತ ಪ್ರೇಮಿಗಳ ನಡುವೆ ಪೆನ್ನು ಹಿಡಿದು ನಿರ್ದಾಕ್ಷಿಣ್ಯವಾಗಿ ನಡೆಯುತ್ತಿದ್ದಳು.

"ರೀ, ಹದಿನಾಲ್ಕನೇ ಪುಟದಲ್ಲೇ ಇವನ ಅಂಗಿ ಗುಂಡಿ ಎಲ್ಲಾ ಬಿಚ್ಚಾಯ್ತು. ಹದಿನಾರರಲ್ಲಿ ಮತ್ತೆ ಬಿಚ್ತಿದಾಳೆ. ನಡುವೆ ಹಾಕ್ಕೊಟ್ಟೋರು ಯಾರು?"

"ನಡುವೆ ಎರಡು ಲಾರಿ ಬಂತು ಕಣೇ."

"ಹಾಗಂತ ಬರೀಲಾ?"

ಇಬ್ಬರೂ ನಗುತ್ತಿದ್ದರು. ಆಮೇಲೆ ಅವಳು ಗುಂಡಿಗಳನ್ನು ಹೊಡೆದು ಹಾಕುತ್ತಿದ್ದಳು. ಎಷ್ಟೋ ಪುಸ್ತಕ ಹೀಗೆ, ತರಕಾರಿ ಸೋಸಿದ ಹಾಗೆ ಸೋಸಿ ಕಳಿಸಿದ್ದರು. ಅವರ ನಡುವೆ ಅಂಥದ್ದೆಲ್ಲ ನಿಂತು ವರ್ಷಗಳಾಗಿದ್ದವು. ಜಗಳವಾಗಿ ನಿಂತದ್ದಲ್ಲ, ಸುಸ್ತಾಗಿ ನಿಂತದ್ದು.

ಒಂದು ಮಾತ್ರ ಉಳಿದಿತ್ತು. ಕೆಲಸದಿಂದ ಬಂದು ಮೂರೂವರೆಗೆ ಅವಳು ಅರ್ಧ ಗಂಟೆ ಮಲಗುತ್ತಿದ್ದಳು. ಎರಡಕ್ಕೇ ಪಾಳಿ ಮುಗಿಸಿ ಬಂದ ಅವನು ಆಗಲೇ ಗೋಡೆಯ ಕಡೆ ಮುಖ ಮಾಡಿ ಬಿದ್ದುಕೊಂಡಿರುತ್ತಿದ್ದ. ಅವಳು ಮಾತಿಲ್ಲದೆ ಬಂದು, ಆ ಐಸಿನಂಥ ಎರಡೂ ಪಾದಗಳನ್ನು ಅವನ ಮೀನಖಂಡಗಳ ನಡುವೆ ತೂರಿಸುತ್ತಿದ್ದಳು. ಅವನು "ಅಬ್ಬಾ!" ಎಂದು ಒಮ್ಮೆ ಬೆಚ್ಚುತ್ತಿದ್ದ, ಕಾಲು ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ. ಪಾದ ಬೆಚ್ಚಗಾಗುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತಿತ್ತು. ಮದುವೆಯಾದ ವರ್ಷದಿಂದ ನಡೆದು ಬಂದದ್ದು. ಇದನ್ನು ಅವರು ಏನೆಂದೂ ಕರೆದಿರಲಿಲ್ಲ.

ಇಪ್ಪತ್ತಾರನೆಯ ಪುಸ್ತಕ ಹತ್ತು ಸಾಲು ಕಡಿಮೆ ಬಿತ್ತು.

ಈ ಪುಸ್ತಕಗಳಿಗೆ ಅರವತ್ತನಾಲ್ಕೇ ಪುಟ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವ ಲೆಕ್ಕ ಅದು, ಒಂದು ಪುಟ ಹೆಚ್ಚೂ ಆಗುವಂತಿಲ್ಲ, ಕೊನೆಯ ಪುಟ ಅರ್ಧಕ್ಕೆ ನಿಲ್ಲುವಂತೆಯೂ ಇಲ್ಲ. ಪ್ರೆಸ್ಸಿನವನು ಸಂಜೆಗೆ ಬೇಕೆಂದು ತಗಾದೆ ಮಾಡಿದ್ದ. ತೂಕದಣ್ಣ ಎಲ್ಲ ತುಟಿ, ಎಲ್ಲ ಬೆನ್ನು ಖರ್ಚು ಮಾಡಿಕೊಂಡು ಕೈ ಖಾಲಿಯಾಗಿ ಕೂತಿದ್ದ. ಹೊರಗೆ ಮೂರು ಲಾರಿ ನಿಂತಿದ್ದವು. ಏನು ತೋಚಿತೋ ಅದನ್ನೇ ಚೀಟಿಯ ಹಿಂದೆ ಗೀಚಿದ: ಎಲ್ಲ ಮುಗಿದ ಮೇಲೆ ನಾಯಕಿ ಏನೂ ಹೇಳಲಿಲ್ಲ, ತಣ್ಣಗಿದ್ದ ಎರಡೂ ಪಾದಗಳನ್ನು ಅವನ ಮೀನಖಂಡಗಳ ನಡುವೆ ತೂರಿಸಿ, ಆ ದಿನವನ್ನೆಲ್ಲ ಅಲ್ಲೇ ಇಳಿಸಿದಳು, ಅವನು ಬೆಚ್ಚಿದ, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಹೀಗೆ ಹತ್ತು ಸಾಲು. ಒಂದೇ ಉಸಿರಿಗೆ ಬಂತು, ಒಂದಕ್ಷರ ಹೊಡೆದು ಹಾಕಲಿಲ್ಲ.

ಸಂಜೆ ಅವಳು ಪ್ರತಿ ಮಾಡುತ್ತ ಅಲ್ಲಿಗೆ ಬಂದಳು. ಪೆನ್ನು ನಿಂತಿತು. ಕೇಳಿದಳು, "ಇದೂ ಇರ್ಬೇಕಾ?"

ಅವನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಪ್ರೆಸ್ಸು ಮುಚ್ಚುವ ಹೊತ್ತಾಗಿತ್ತು. "ಇರ್ಲಿ ಬಿಡೇ, ಪುಟ ತುಂಬುತ್ತೆ" ಎಂದ.

ಅವಳು ತಲೆ ತಗ್ಗಿಸಿ ದುಂಡಗಿನ ಅಕ್ಷರಗಳಲ್ಲಿ ಹತ್ತೂ ಸಾಲು ಬರೆದು ಕೊಟ್ಟಳು. ಮರುದಿನ ಮಧ್ಯಾಹ್ನ ಕೆಲಸದಿಂದ ಬರುವಾಗ ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಕೊಂಡು ತಂದಳು. ಹಾಕಿಕೊಂಡು, ಹಾಸಿಗೆಯ ತನ್ನ ತುದಿಯಲ್ಲಿ ಮಲಗಿದಳು.

ಗಂಡಸರ ಬುದ್ಧಿಗೆ ಏನೆನ್ನಬೇಕು? ಹೆಂಡತಿಯ ಕಾಲು ಬೆಚ್ಚಗಾಯಿತಲ್ಲ ಎಂದು ಅವನು ಮೊದಲ ನಾಲ್ಕು ದಿನ ಸಂತೋಷಪಟ್ಟ. ಐದನೆಯ ದಿನ ನಿದ್ದೆ ಬರಲಿಲ್ಲ. ಎರಡು ವಾರ ಕಳೆಯುವ ಹೊತ್ತಿಗೆ ಮೂರೂವರೆಯಾದರೆ ಮೀನಖಂಡಗಳು ತಾವಾಗಿಯೇ ಕಾಯುತ್ತಿದ್ದವು. ಏನಾಯಿತೆಂದು ಆಗ ಹೊಳೆಯಿತು. ಇಪ್ಪತ್ತಾರು ಪುಸ್ತಕ ಬರೆದವನಿಗೆ, ನಿನ್ನ ಕಾಲು ಇತ್ತ ಕೊಡು ಎನ್ನುವ ಒಂದು ಮಾತು ಕಟ್ಟಲಾಗಲಿಲ್ಲ.

ಪುಸ್ತಕ ಹೊರಬಂತು. ಒಂದು ಬೆಳಿಗ್ಗೆ ಸಿಮೆಂಟಿನ ಲಾರಿಯ ಚಾಲಕ, ಮೀಸೆ ನರೆತ ಹಳೆಯ ಪರಿಚಯದವನು, ಚೀಟಿಗೆ ಕಾಯುತ್ತ ಕಿಟಕಿಯೊಳಗೆ ತಲೆ ಹಾಕಿದ. ಕೈಯಲ್ಲಿ ಅದೇ ಪುಸ್ತಕ.

"ತೂಕದಣ್ಣ, ಈಯಮ್ಮನ್ನ ಓದಿದೀಯಾ? ಉಳಿದಿದ್ದೆಲ್ಲ ಯಾವಾಗಲೂ ಇರೋದೇ ಬಿಡು. ಕೊನೇಲಿ ಕಾಲಿಡೋದು ಒಂದು ಬರುತ್ತೆ. ಅದನ್ನ ಓದಿ ಗಾಡಿ ಪಕ್ಕಕ್ಕೆ ಹಾಕಿ ಮನೆಗೆ ಫೋನ್ ಮಾಡ್ದೆ ಮಾರಾಯ. ಏನಾಯ್ತೋ ಅಂತ ಅವಳು ಗಾಬರಿ ಆಗ್ಬಿಟ್ಲು."

ತೂಕದಣ್ಣನಿಗೆ ಎದೆಯೊಳಗೆ ಏನೋ ಎದ್ದು ನಿಂತಿತು. ಹೆಮ್ಮೆಯೇ ಅದು. ಇಷ್ಟು ವರ್ಷದಲ್ಲಿ ಮೊದಲ ಸಲ, ನಾನೇ ಬರೆದದ್ದು ಕಣೋ ಎಂದು ಹೇಳಿಬಿಡಬೇಕೆನಿಸಿತು. ಅದರ ಬೆನ್ನಿಗೇ ಐದನೆಯ ಪುಸ್ತಕದಲ್ಲಿ ಸತ್ತಿತೆಂದುಕೊಂಡಿದ್ದ ನಾಚಿಕೆಯೂ ಎದ್ದು ಬಂತು. ಬತ್ತಲೆ ಮೈಗಳನ್ನು ಸಾಲು ಸಾಲಾಗಿ ಮಾರಿದಾಗ ಬಾರದ ನಾಚಿಕೆ ಸುಕ್ಕುಗಟ್ಟಿದ ಎರಡು ಪಾದಗಳಿಗೆ ಬಂದಿತ್ತು. ಮುಖ ಕೆಂಪಗಾಗಿ, ಚೀಟಿಯಲ್ಲಿ ತುಂಬಿದ ತೂಕದ ಜಾಗದಲ್ಲಿ ಖಾಲಿ ತೂಕ ಬರೆದ. ಚಾಲಕನೇ ನೋಡಿ ತಿದ್ದಿಸಿಕೊಂಡು ಹೋದ.

ಆವತ್ತು ಅವಳು ಕಾಲುಚೀಲ ಏರಿಸುತ್ತಿರುವಾಗ ಕೇಳಿಯೇ ಬಿಟ್ಟ. "ನನ್ನ ಮೇಲೆ ಸಿಟ್ಟಾ?"

"ಸಿಟ್ಟು ಮಾಡೋಕೂ ಶಕ್ತಿ ಬೇಕಲ್ರೀ." ಅವಳು ಹಾಸಿಗೆಯ ಅಂಚಿನಲ್ಲೇ ಕೂತಳು. "ನಿಮ್ಮ ಕಥೆಯೋರ ಕೈಕಾಲು ಏನ್ ಬೇಕಾದ್ರೂ ಮಾಡ್ಕೊಳ್ಳಿ, ನಂಗೇನೂ ಅನ್ಸಲ್ಲ. ಇದನ್ನ ನನ್ನ ಕೈಯಲ್ಲೇ ಬರೆಸಿದ್ರಿ. ಈಗ ಕಾಲು ಚಾಚೋಕೆ ಹೋದ್ರೆ, ಅದ್ಯಾರ್ಯಾರ ಕಾಲ ಮೇಲೋ ಇಟ್ಟ ಹಾಗಾಗುತ್ತೆ."

"ನಂಗೆ ಅದು..." ಎಂದು ಶುರುಮಾಡಿದ. ಅದು ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿದ್ದದ್ದು ಎಂದು ಹೇಳಹೊರಟಿದ್ದ.

"ಪುಟ ತುಂಬೋಕೆ ಅಂದ್ರಲ್ಲ" ಎಂದಳು ಅವಳು. "ಚೆನ್ನಾಗಿದೆ ಅಂತ ಬರ್ದೆ ಅಂದಿದ್ರೆ ಬೇರೆ. ಪುಟ ತುಂಬೋಕೆ ಅಂದ್ರಿ."

ಅವಳು ಮಲಗಿ ಮುಖ ಆಚೆ ಮಾಡಿಕೊಂಡಳು. ಅವನು ಗೋಡೆ ನೋಡುತ್ತ ಬಿದ್ದುಕೊಂಡ. ಮಂಚದ ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗವಿತ್ತು.

ಮುಂದಿನ ವಾರದ ರಜೆಯಲ್ಲಿ ಪ್ರೆಸ್ಸಿಗೆ ಹೋದ. ಪ್ರಕಾಶಕ ಎದ್ದು ಬಂದು ಕುರ್ಚಿ ಕೊಟ್ಟ. ಹಾಗೆ ಕೊಟ್ಟಿದ್ದು ಅದೇ ಮೊದಲು. ಪುಸ್ತಕ ಮತ್ತೆ ಅಚ್ಚಾಗಬೇಕಂತೆ, ಓದುಗರು ಕಾಗದ ಬರೆದಿದ್ದಾರಂತೆ, ಇನ್ನು ಮೇಲೆ ಎಲ್ಲದರಲ್ಲೂ ಕೊನೆಗೆ ಅಂಥದ್ದೊಂದು ಇರಬೇಕಂತೆ.

"ಆ ಹತ್ತು ಸಾಲು ತೆಗೀಬೇಕು" ಎಂದ ತೂಕದಣ್ಣ.

"ತಲೆ ಕೆಟ್ಟಿದೆಯಾ? ಇಪ್ಪತ್ತಾರು ಪುಸ್ತಕದಲ್ಲಿ ನಿನ್ನದು ಅಂತ ಬರೆದಿದ್ದು ಅದೊಂದೇ. ಉಳಿದಿದ್ದನ್ನ ನಾನೂ ಬರೀತಿದ್ದೆ."

ಮಾತು ನೆಟ್ಟಗೆ ಹೋಗಿ ನಾಟಿತು, ಯಾಕೆಂದರೆ ಅದು ನಿಜವಾಗಿತ್ತು. ತೂಕದಣ್ಣ ಪ್ರಕಾಶಕನ ಪೆನ್ನನ್ನೇ ಇಸಿದುಕೊಂಡ. ತೆಗೆಯದಿದ್ದರೆ ಇಪ್ಪತ್ತೇಳನೆಯದು ಇಲ್ಲ ಎಂದ. ಆಚೆಯವನು ಗೊಣಗಿದ, ಕೈ ಚೆಲ್ಲಿದ. ತನ್ನ ಜೀವಮಾನದ ಹತ್ತು ಒಳ್ಳೆಯ ಸಾಲುಗಳ ಮೇಲೆ ತೂಕದಣ್ಣ ಅಡ್ಡಗೀಟು ಎಳೆದ. ಪುಟ ಖಾಲಿ ಬಿಡುವಂತಿರಲಿಲ್ಲವಾದ್ದರಿಂದ ಆ ಜಾಗಕ್ಕೆ ಹಾಲು ಉಕ್ಕಿಸಿ, ನಾಯಕಿಯ ಕೆಳದುಟಿ ಕಚ್ಚಿಸಿ, ದೀಪ ಆರಿಸಿ ಹತ್ತು ಸಾಲು ತುಂಬಿಸಿದ. ಐದು ನಿಮಿಷವೂ ಹಿಡಿಯಲಿಲ್ಲ.

ತಿದ್ದಿದ ಪುಟವನ್ನು ಮನೆಗೆ ತಂದು, ಕೆಲಸದಿಂದ ಬಂದ ಹೆಂಡತಿಯ ಮುಂದೆ ಇಟ್ಟ. ಅವಳು ನಿಂತಲ್ಲೇ ಓದಿದಳು. ಅಡ್ಡಗೀಟಿನ ಅಡಿಯಲ್ಲಿದ್ದದ್ದನ್ನೂ ಓದಿದಳೆಂದು ಕಾಣುತ್ತದೆ, ಅಷ್ಟು ಹೊತ್ತು ಹಿಡಿಯಿತು.

"ಮೊದಲು ಅಚ್ಚಾಗಿ ಹೋಗಿದ್ದು ವಾಪಸ್ ಬರಲ್ಲ" ಎಂದಳು.

"ಗೊತ್ತು."

"ಚೆನ್ನಾಗಿತ್ತು ಅದು." ಪುಟವನ್ನು ಮಡಚಿ ಮೇಜಿನ ಮೇಲಿಟ್ಟಳು. "ಇದರಲ್ಲಿ ದೀಪ ಎರಡು ಸಲ ಆರ್ಸಿದೀರ. ಅರವತ್ತೆರಡನೇ ಪುಟದಲ್ಲೇ ಕತ್ತಲಾಗಿತ್ತು."

ಅವನು ಸರಿ ಎಂದ. ಬೂಟಿನ ನೀರು ಇಳಿದ ಪಾದಗಳನ್ನು ಒರೆಸಿಕೊಂಡು ಅವಳು ಕಾಲುಚೀಲ ಹಾಕಿದಳು. ಅವನು ಎಂದಿನಂತೆ ಗೋಡೆಯ ಕಡೆ ತಿರುಗಿ ಮಲಗಿದ. ಮಂಚ ಕಿರುಗುಟ್ಟಿತು. ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದು. ತಾನು ಯಾವುದಕ್ಕೂ ಕಾಯುತ್ತಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಉಣ್ಣೆಯ ಚುಂಗು ಮೊದಲು ತಾಗಿತು, ಆಮೇಲೆ ಭಾರ. ಎರಡೂ ಪಾದಗಳು, ಕಾಲುಚೀಲದ ಸಮೇತ. ಉಣ್ಣೆಯ ಆಚೆಯಿಂದ ತಣುಪು ತಡವಾಗಿ ಬಂತು.

ಅವನು ಬೆಚ್ಚಲಿಲ್ಲ, ಉಸಿರೂ ಬಿಡಲಿಲ್ಲ. ಆದರೆ ಹಾಳು ತಲೆ ಸುಮ್ಮನಿರಬೇಕಲ್ಲ. ಉಣ್ಣೆ, ಭಾರ, ತಡವಾಗಿ ಬಂದ ತಣುಪು ಎಲ್ಲ ಸೇರಿ ಒಂದು ವಾಕ್ಯವಾಗಿ ಕೂಡಿಕೊಳ್ಳತೊಡಗಿತು. ಒಳ್ಳೆಯ ವಾಕ್ಯ. ಅದನ್ನು ಓಡಿಸಲು ಬೆಳಿಗ್ಗೆ ಬಂದ ಲಾರಿ ನಂಬರುಗಳನ್ನು ನೆನಪಿಸಿಕೊಂಡ. ಒಂದೂ ನೆನಪಾಗಲಿಲ್ಲ.

"ತಲೇಲಿ ಬರೀತಿದೀರಲ್ವಾ?" ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

"ಇಲ್ಲ" ಎಂದ.

"ಸುಳ್ಳು."

ಅವಳು ಕಾಲು ಎಳೆದುಕೊಳ್ಳುತ್ತಾಳೆಂದು ಅವನು ಮೈ ಬಿಗಿಹಿಡಿದು ಕಾದ. ಅವಳಿಗೆ ಆಗಲೇ ನಿದ್ದೆ ಬಂದಿತ್ತು.